ಭಾವನ ಹೆಸರು

ನರಿನ್
ಮಾರ್ಚ್ 14

ಚೊಲ್ಪೊನ್,

ನಿನಗೆ ಫೋನ್ ಮಾಡಿ ಮಾಡಿ ನನಗೆ ಸಾಕಾಯಿತು. ನಾನು ಏನು ಕೇಳಿದರೂ ನೀನು ದೊಡ್ಡಕ್ಕನಿಗೆ ಹೇಳುವ ಹಾಗೆ "ಹೂಂ ಎಜೆ, ಆಗ್ಲಿ ಎಜೆ" ಅನ್ನುತ್ತೀಯ. ಹಿಂದಿನಿಂದ ನಿಮ್ಮತ್ತೆ "ಯಾರೇ ಅದು?" ಅಂತ ಕೂಗುತ್ತಾರೆ. ನೀನು "ಉಣ್ಣೆ ಕೊಳ್ಳೋರು" ಅನ್ನುತ್ತೀಯ. ಹೋದ ವಾರ ಅವರೇ ಫೋನ್ ಕಿತ್ತುಕೊಂಡು "ಈ ಸಲದ ಉಣ್ಣೆಗೆ ಏನು ಕೊಡ್ತೀಯಮ್ಮ?" ಅಂದರು. ನಾನು ಗಾಬರಿಯಲ್ಲಿ ಬಾಯಿಗೆ ಬಂದ ಬೆಲೆಯನ್ನೂ ಇಲ್ಲಿನ ವಿಳಾಸವನ್ನೂ ಹೇಳಿಬಿಟ್ಟೆ. ಅವರು ಮೂಟೆ ಹೊರಿಸಿಕೊಂಡು ಬಂದರೆ ಇನ್ನು ನಾನೇ ಕೊಳ್ಳಬೇಕು.

ಅದಕ್ಕೇ ಈ ಕಾಗದ. ನಿಮ್ಮೂರಿನ ಮಿನಿಬಸ್ ಡ್ರೈವರ್ ಇದನ್ನು ಶಾಲೆಯ ಟೀಚರ್ ಕೈಗೆ ಕೊಡುತ್ತಾನೆ, ಅವರು ನಿನಗೆ ಮುಟ್ಟಿಸುತ್ತಾರೆ. ಉತ್ತರವೂ ಅದೇ ದಾರಿಯಲ್ಲಿ ಬರಲಿ.

ನಿನ್ನ ಮಗಳು ಮೀರಿಮ್ ಚೆನ್ನಾಗಿದ್ದಾಳೆ ಎಂದು ಸುಳ್ಳು ಹೇಳುವುದಿಲ್ಲ. ಊಟ ಮಾಡುತ್ತಾಳೆ, ನಿದ್ದೆ ಸಾಲದು. ಯಾರಾದರೂ ಬಾಗಿಲು ಹಾಕಿದರೆ ಎದ್ದು ಹೋಗಿ ತೆಗೆಯುತ್ತಾಳೆ. ಕಲ್ಲಿದ್ದಲ ಕೋಣೆಯಲ್ಲಿ ಕೂಡಿಹಾಕಿಸಿಕೊಂಡ ಹುಡುಗಿ ಮತ್ತೇನು ಮಾಡಿಯಾಳು? ಅವಳ ಕೋಣೆಯ ಬಾಗಿಲನ್ನು ಕಿತ್ತು ಗೋಡೆಗೆ ಒರಗಿಸಿಬಿಟ್ಟಿದ್ದೇವೆ.

ನಮ್ಮ ಕೇಂದ್ರದಲ್ಲಿ ಕೆಲಸ ಹೇಗೆ ನಡೆಯುತ್ತದೆಂದು ನಿನಗೆ ಗೊತ್ತಿರಬೇಕು. ಹೊಡೆತ ತಿಂದು ಬಂದ ಮಕ್ಕಳನ್ನು ಮೊದಲು ನಾವು ಏನೂ ಕೆದಕುವುದಿಲ್ಲ. ಸಮಾಧಾನವಾಗಿ ಉಸಿರಾಡುವುದು, ಭಯವಾದರೆ ಭಯ ಅನ್ನುವುದು, ಸಿಟ್ಟು ಬಂದರೆ ಸಿಟ್ಟು ಅನ್ನುವುದು, ಇಷ್ಟು ಕಲಿಸುತ್ತೇವೆ. ಆಮೇಲೆ ಮಗು ನಡೆದದ್ದನ್ನು ತನ್ನದೇ ಮಾತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೇಳಿಕೊಳ್ಳುತ್ತದೆ. ಕೊನೆಗೆ ತನ್ನವರೊಬ್ಬರ ಮುಂದೆ ಕೂತು ಹೇಳುತ್ತದೆ. ಕೇಳಿದವರು ಮೂರ್ಛೆ ಹೋಗದೆ, ಸುತ್ತಿ ಬಳಸದೆ ಮರಳಿ ಹೇಳಬೇಕು: ಇದು ನಡೆಯಿತು, ಮಾಡಿದವರು ಇವರು, ತಪ್ಪು ನಿನ್ನದಲ್ಲ. ಆಗ ಮಗುವಿನ ಹೊರೆ ಅರ್ಧ ಇಳಿಯುತ್ತದೆ.

ಕೇಳುವವಳು ನೀನೇ ಆಗಬೇಕು. ಅಕ್ಟೋಬರ್‌ನಲ್ಲಿ ಮಕ್ಕಳ ಇಲಾಖೆಯವರು ಬಂದು, ಅಮ್ಮನ ಜೊತೆ ಹೋಗುತ್ತೀಯೋ ಬೋರ್ಡಿಂಗ್ ಶಾಲೆಗೆ ಹೋಗುತ್ತೀಯೋ ಎಂದು ಮೀರಿಮ್‌ಳನ್ನೇ ಕೇಳುತ್ತಾರೆ. ಇವತ್ತು ಕೇಳಿದರೆ ಅವಳು ಬೋರ್ಡಿಂಗ್ ಅನ್ನುತ್ತಾಳೆ. ನಿನಗೆ ನೋವಾಗುತ್ತದೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಸಾಲ್ತಾನತ್


ಕಾರಾ-ಬುಲುನ್
ಮಾರ್ಚ್ 30

ಸಾಲ್ತಾನತ್ ಎಜೆಗೆ ಸಲಾಮ್,

ನಿಮ್ಮ ಕಾಗದವನ್ನು ದನದ ಕೊಟ್ಟಿಗೆಯಲ್ಲಿ ಕೂತು ಓದಿದೆ. ನಮ್ಮತ್ತೆಗೆ ಮಂಡಿನೋವು, ಕೊಟ್ಟಿಗೆಗೆ ಬರುವುದಿಲ್ಲ.

ಬೋರ್ಡಿಂಗ್ ಅಂದಳೇ? ಅನ್ನಲಿ. ನಾನು ಅವಳನ್ನು ಬಿಟ್ಟುಹೋದವಳಲ್ಲವೇ? ಪರದೇಶದ ಯೆಕಾತೆರಿನ್‌ಬುರ್ಗ್‌ನಲ್ಲಿ ನಾನು ಅಂಗಡಿಗಳ ನೆಲ ಒರೆಸುತ್ತಿದ್ದೆ, ಮೀರಿಮ್‌ಳ ಅಪ್ಪ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ಈಗಲೂ ಅಲ್ಲೇ ಇದ್ದಾರೆ. ನಮ್ಮೂರಿನಲ್ಲಿ ಎಲ್ಲರೂ ಮಕ್ಕಳನ್ನು ಬಂಧುಗಳ ಹತ್ತಿರ ಬಿಟ್ಟೇ ಹೋಗುತ್ತಾರೆ. ಅತ್ತೆಗೆ ವಯಸ್ಸಾಯಿತು, ಬೆಳೆಯುವ ಹುಡುಗಿಯನ್ನು ನೋಡಿಕೊಳ್ಳಲು ಆಗುವುದಿಲ್ಲ, ಆಚೆ ಮನೆಯಲ್ಲಿ ತಮ್ಮ ಅಣ್ಣನ ಹತ್ತಿರ ಇರಲಿ ಎಂದು ನನ್ನ ಗಂಡ ಹೇಳಿದರು. ನಾನು ಆಗಲಿ ಅಂದೆ. ಟೀಚರ್ ಅವಳ ಬೆನ್ನು ನೋಡಿ ನನಗೆ ಫೋನ್ ಮಾಡಿದ ದಿನವೇ ಹೊರಟು ಬಂದೆ. ಬರುವಷ್ಟರಲ್ಲಿ ಅವಳು ನಿಮ್ಮ ಹತ್ತಿರ ಇದ್ದಳು.

ಕೇಸು ನಡೆಯುತ್ತಿದೆ. ಆಚೆ ಮನೆಯ ದೊಡ್ಡವರು ವಿಚಾರಣೆಗೆಂದು ಪಟ್ಟಣಕ್ಕೆ ಹೋಗಿ ಬರುತ್ತಾರೆ, ಬರುವಾಗ ಅತ್ತೆಗೆ ಸೇಬು ತರುತ್ತಾರೆ. ನನ್ನ ಪಾಲಿನದನ್ನು ನಾನು ಹಸುವಿಗೆ ಹಾಕುತ್ತೇನೆ. ನಡುವೆ ಒಂದು ಮಣ್ಣಿನ ಗೋಡೆ ಅಷ್ಟೇ, ಅವರು ಕೆಮ್ಮಿದರೂ ಇಲ್ಲಿಗೆ ಕೇಳಿಸುತ್ತದೆ. ಎದುರಿಗೆ ಬಂದರೆ ತಲೆ ಬಗ್ಗಿಸಿ ದಾರಿ ಬಿಡುತ್ತೇನೆ. ಬೇರೆ ಏನು ಮಾಡಬೇಕೆಂದು ಗೊತ್ತಿಲ್ಲ.

ಮೀರಿಮ್‌ಗೆ ಒಣಮೊಸರಿನ ಕುರುತ್ ಉಂಡೆ ಕಳಿಸಿದ್ದೇನೆ. ಉಪ್ಪು ಕಡಿಮೆ ಹಾಕಿದ್ದೇನೆ, ಅವಳಿಗೆ ಹಾಗೇ ಇಷ್ಟ.

ಚೊಲ್ಪೊನ್


ನರಿನ್
ಏಪ್ರಿಲ್ 22

ಚೊಲ್ಪೊನ್,

ನಾನು ಹೆದರಿದ್ದೇ ಆಯಿತು. ನಿಮ್ಮತ್ತೆ ಉಣ್ಣೆ ಮೂಟೆಯ ಸಮೇತ ಬಂದಿಳಿದರು. ನಮ್ಮ ಬೋರ್ಡು ಓದಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು, "ಓ, ಉಣ್ಣೆ ಕೊಳ್ಳೋಳು ನೀನೇನಾ?" ಅಂದರು. ಮೊಮ್ಮಗಳ ವಿಷಯ ಕೇಳಲಿಲ್ಲ. ಆದರೆ ಚಹಾ ಕುಡಿಯುವಾಗ ಅವರ ಕಣ್ಣು ಅಂಗಳದಲ್ಲೇ ಇತ್ತು.

ಆ ಉಣ್ಣೆಯಿಂದ ಮಕ್ಕಳ ಜೊತೆ ಹಾಸು ಮಾಡಲು ಕೂತೆವು. ಉಣ್ಣೆ ಬಡಿಯಲು ಕೋಲು ಎತ್ತಿದ ಕೂಡಲೇ ಮೀರಿಮ್ ಓಡಿಹೋಗಿ ಒಲೆಯ ಹಿಂದೆ ಕೂತಳು. ಇಷ್ಟು ವರ್ಷ ಈ ಕೆಲಸ ಮಾಡಿ ನನಗೆ ಅಷ್ಟು ಹೊಳೆಯಬೇಡವೇ? ಮರುದಿನ ಕೋಲುಗಳನ್ನು ಅವಳ ಕೈಗೇ ಕೊಟ್ಟು, "ನೀನು ಹೇಳೋವರೆಗೂ ಯಾರೂ ಎತ್ತಲ್ಲ" ಅಂದೆ. ಎಲ್ಲರನ್ನೂ ಕಾಯಿಸಿದಳು. ಮಕ್ಕಳು ಗೊಣಗಿದರು, ಒಬ್ಬಳು ನಿದ್ದೆಯೇ ಮಾಡಿದಳು. ಕೊನೆಗೆ ಮೀರಿಮ್ ತಾನೇ ಒಂದು ಏಟು ಹೊಡೆದಳು ನೋಡು, ಉಣ್ಣೆ ನನ್ನ ಬಾಯಿಗೆ ಬಂತು. ನಕ್ಕಳು. ನಾನೂ ಉಗುಳುತ್ತಾ ನಕ್ಕೆ.

ಈಗ ನಿನ್ನ ಕೆಲಸ. ನಡೆದದ್ದನ್ನು ಮೀರಿಮ್‌ಗೇ ಹೇಳುವಂತೆ ನನಗೆ ಬರೆದು ಕಳಿಸು. ಬರೆಯುವಾಗ ಎಷ್ಟು ಬೇಕಾದರೂ ಅಳು, ಅವಳ ಮುಂದೆ ಕೂತಾಗ ಗಂಟಲು ಗಟ್ಟಿಯಿರಬೇಕು.

ಸಾಲ್ತಾನತ್


ಕಾರಾ-ಬುಲುನ್
ಮೇ 18

ಸಾಲ್ತಾನತ್ ಎಜೆಗೆ ಸಲಾಮ್,

ಬರೆದು ಹರಿದು, ಬರೆದು ಹರಿದು, ಇದೊಂದು ಉಳಿದಿದೆ.

"ಮೀರಿಮ್, ನನ್ನ ಕಂದಾ. ನಾನು ದೂರದಲ್ಲಿದ್ದಾಗ ಆಚೆ ಮನೆಯ ದೊಡ್ಡವರು ನಿನಗೆ ಬಾರುಕೋಲಿನಿಂದ ಹೊಡೆದರು. ಕರು ತಪ್ಪಿಸಿಕೊಂಡಿತೆಂದು ಹೊಡೆದರು, ಚಹಾ ಆರಿತೆಂದು ಹೊಡೆದರು, ಯಾವ ಕಾರಣವೂ ಇಲ್ಲದೆ ಹೊಡೆದರು. ಚಳಿಯಲ್ಲಿ ಕಲ್ಲಿದ್ದಲ ಕೋಣೆಯಲ್ಲಿ ಕೂಡಿಹಾಕಿದರು. ನೀನು ನನ್ನನ್ನು ಕರೆದೆ, ನಾನು ಬರಲಿಲ್ಲ. ತಪ್ಪು ದೊಡ್ಡವರದು. ನಿನ್ನದು ಎಳ್ಳಷ್ಟೂ ಇಲ್ಲ."

ಊರ ಹಿರಿಯರು ಬಂದಿದ್ದರು. ರಾಜಿ ಮಾಡಿಕೊಳ್ಳಿ, ಹುಡುಗಿಯನ್ನು ಕರೆದುಕೊಂಡು ಬಾ, ಮನೆಯ ಮಾತು ಮನೆಯಲ್ಲೇ ಇರಲಿ ಅಂದರು. ನಾನು ಅವರಿಗೆ ಚಹಾ ಬಗ್ಗಿಸಿಕೊಟ್ಟೆ, ಹೌದು ಅನ್ನಲಿಲ್ಲ. ಅತ್ತೆ ಅವರ ಮುಂದೆಯೇ ನನಗೆ "ಮೂಗಿ" ಅಂದರು.

ಚೊಲ್ಪೊನ್


ನರಿನ್
ಮೇ 27

ಚೊಲ್ಪೊನ್,

ಬಹಳ ಚೆನ್ನಾಗಿ ಬರೆದಿದ್ದೀಯ. ಒಂದಕ್ಷರ ಬದಲಿಸಬೇಡ, ಹೀಗೇ ಹೇಳು. ಜೂನ್ 12ರಂದು ಬಾ, ಮೀರಿಮ್ ಒಪ್ಪಿದ್ದಾಳೆ. ಅಂದು ಹಾಕಿಕೊಳ್ಳಲು ನೀಲಿ ಅಂಗಿ ಒಗೆದು ಒಣಹಾಕಿದ್ದಾಳೆ.

ಸಾಲ್ತಾನತ್


ನರಿನ್
ಜೂನ್ 15

ಚೊಲ್ಪೊನ್,

ನೀನು ಬಸ್ಸಿನಲ್ಲಿ ಅಳುತ್ತಾ ಹೋದೆ ಎಂದು ಡ್ರೈವರ್ ಹೇಳಿದ. ಅಷ್ಟು ದೂರ ನಿನ್ನನ್ನು ಹಾಗೆ ಕಳಿಸಬಾರದಿತ್ತು.

ನೀನು ಒಂದು ಮಾತೂ ತಪ್ಪಿ ಹೇಳಲಿಲ್ಲ. ಗಂಟಲೂ ಗಟ್ಟಿಯಿತ್ತು. ಮೀರಿಮ್ ತನ್ನದನ್ನೆಲ್ಲ ಹೇಳಿದಳು, ನೀನು ಕೇಳಿದೆ, ನೀನು ಶುರು ಮಾಡಿದೆ. "ಆಚೆ ಮನೆಯ ದೊಡ್ಡವರು" ಎಂದೆ. ಅವಳು ಎದ್ದು ಹೋದಳು. ನಿನಗೂ ನನಗೂ ಏನಾಯಿತೆಂದೇ ತಿಳಿಯಲಿಲ್ಲ.

ನಿನ್ನೆ ನನಗೆ ಹೇಳಿದಳು. ನಿನಗೆ ಬರೆಯಬಹುದೇ ಎಂದು ಕೇಳಿ, ಅವಳು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ನಿನ್ನ ಭಾವ ಹೊಡೆಯುವಾಗ ಹೀಗೆ ಅನ್ನುತ್ತಿದ್ದನಂತೆ: "ಕೂಗೇ, ಕೂಗು, ನಿಮ್ಮಮ್ಮನ್ನ ಕರಿ. ನನ್ನ ಹೆಸರು ಹೇಳೋಕೇ ಅವಳಿಗೆ ಬಾಯಿಲ್ಲ. ಅವಳು ಬಂದು ನನ್ನ ಮೇಲೆ ದೂರು ಹೇಳ್ತಾಳಾ?" ಈಗ ನೀನು ಅವಳೆದುರು ಕೂತು ಬಾಯಿ ತೆರೆದೆ, ಆ ಹೆಸರೊಂದನ್ನೇ ಹೇಳಲಿಲ್ಲ. ಅವನು ಹೇಳಿದ್ದು ನಿಜವಾಯಿತು ಎಂದುಕೊಂಡಳು.

ಇದರಲ್ಲಿ ತಪ್ಪಿದವಳು ನಾನು. ಹೊರಗಿನವರು ಯಾರಾದರೂ ನಿನ್ನ ಕಾಗದ ಓದಿದ್ದರೆ, ಈಕೆ ಅವನ ಹೆಸರನ್ನು ಯಾಕೆ ಬರೆಯುವುದಿಲ್ಲ ಎಂದು ಮೊದಲ ದಿನವೇ ಕೇಳುತ್ತಿದ್ದರು. ನನ್ನ ಕಿವಿಗೆ ಅದು ಬೀಳಲೇ ಇಲ್ಲ. ಗಂಡನ ಮನೆಯ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಬಾರದು ಎಂದು ನಾನೂ ಕಲಿತು ಬಂದವಳೇ ಅಲ್ಲವೇ? ನಮ್ಮ ಮಾವ ತೀರಿಕೊಂಡು ಎಷ್ಟೋ ಕಾಲವಾಯಿತು. ಮನೆಯ ಪತ್ರ ಮಾಡಿಸಲು ಹೋದಾಗ ಕಚೇರಿಯಲ್ಲಿ ಅವರ ಹೆಸರು ಕೇಳಿದರು. ಇಷ್ಟೆಲ್ಲ ಓದಿ, ಇಷ್ಟು ಜನಕ್ಕೆ ಪಾಠ ಹೇಳುವ ನಾನು, ಹಿಂದೆ ನಿಂತಿದ್ದ ಗುರುತು ಪರಿಚಯವಿಲ್ಲದ ಹುಡುಗಿಗೆ ಕಾಗದ ತೋರಿಸಿ "ಸ್ವಲ್ಪ ಓದಮ್ಮ ಇದನ್ನ" ಅಂದೆ.

ಮಕ್ಕಳಿಗೆ ಮಾತ್ರ ದಿನವೂ ಹೇಳುತ್ತೇನೆ, ಯಾವುದನ್ನೂ ಸುತ್ತಿ ಬಳಸಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಂತ.

ನಿನ್ನನ್ನು ಒತ್ತಾಯ ಮಾಡುವುದಿಲ್ಲ. ಆದರೆ ಮೀರಿಮ್ ಕಾಯುತ್ತಿರುವುದು ಅದಕ್ಕೇ.

ಸಾಲ್ತಾನತ್


ಗುಡ್ಡದ ಹುಲ್ಲುಗಾವಲಿನಿಂದ
ಜುಲೈ 11

ಸಾಲ್ತಾನತ್ ಎಜೆಗೆ,

ನಿಮ್ಮ ಕಾಗದ ಓದಿ ಸಿಟ್ಟು ಬಂತು. ಪಟ್ಟಣದಲ್ಲಿ ಕೂತು ಬರೆಯುವುದು ಸುಲಭ. ನಾನು ಮದುವೆಯಾಗಿ ಬಂದ ದಿನ ನಮ್ಮತ್ತೆ ನನ್ನ ತಲೆಗೆ ಬಿಳಿ ವಸ್ತ್ರ ಕಟ್ಟಿ, ಯಾರ ಯಾರ ಹೆಸರು ಹೇಳಬಾರದು, ಬದಲಿಗೆ ಏನೆಂದು ಕರೆಯಬೇಕು ಎಂದು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ನಾನು ತಪ್ಪಿದಾಗ ಇಬ್ಬರೂ ನಗುತ್ತಿದ್ದೆವು. ನನ್ನ ತಾಯಿ ಬೇಗ ಹೋದರು ಎಜೆ. ಯಾರಾದರೂ ನನಗೆ ಪ್ರೀತಿಯಿಂದ ಕಲಿಸಿದ್ದು ಅಂತ ಇದ್ದರೆ ಅದೊಂದೇ. ಅದನ್ನು ಈ ಮನುಷ್ಯ ಬಾರುಕೋಲಿನ ಜೊತೆ ಕೈಯಲ್ಲಿ ಹಿಡಿದುಕೊಂಡ. ಇದು ನನಗೆ ಸಹಿಸಲಾಗುತ್ತಿಲ್ಲ.

ಇಲ್ಲಿ ಕುದುರೆ ಹಾಲು ಕರೆಯುವ ಕೆಲಸ ನನ್ನದು. ಡೇರೆಯಿಂದ ದೂರ ಹೋಗಿ, ಸುತ್ತ ನೋಡಿ, ಆ ಹೆಸರನ್ನು ಕುದುರೆಯ ಕಿವಿಯಲ್ಲಿ ಹೇಳೋಣ ಎಂದು ಬಾಯಿ ತೆರೆದೆ. ಬರೀ ಗಾಳಿ ಬಂತು. ಕುದುರೆ ಬೇಸರಪಟ್ಟುಕೊಂಡು ಬಕೆಟ್ಟಿಗೆ ಕಾಲು ಹಾಕಿತು. ದಿನಾ ಪ್ರಯತ್ನ ಮಾಡಿದೆ, ದಿನಾ ಹಾಲು ಚೆಲ್ಲಿತು. ಅತ್ತೆ "ಕುದುರೆಗೆ ಏನಾಗಿದೆ?" ಅಂದರು. "ಸೊಸೆಗೇನಾಗಿದೆ ಅಂತ ಕೇಳಿ" ಅನ್ನಬೇಕೆನಿಸಿತು.

ನಿನ್ನೆ ಬಂತು. ಮೊದಲು ಸಣ್ಣದಾಗಿ, ಆಮೇಲೆ ಗಟ್ಟಿಯಾಗಿ. ಆಮೇಲೆ ನಿಲ್ಲಿಸಲೇ ಆಗಲಿಲ್ಲ, ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೂಗಿದೆ. ತಿರುಗಿ ನೋಡಿದರೆ ಅತ್ತೆ ಕೋಲೂರಿಕೊಂಡು ನಿಂತಿದ್ದರು.

"ಯಾರನ್ನ ಕರೀತಿದ್ದೆ?" ಅಂದರು.

"ನಿಮ್ಮ ದೊಡ್ಡ ಮಗನ್ನ" ಅಂದೆ.

ಅವರು ಡೇರೆಗೆ ಹೋಗಿ ಮಲಗಿದರು. ನಿಮಗೆ ಆ ಹೆಸರು ಬರೆಯಲು ಕೈ ಮಾತ್ರ ಇನ್ನೂ ಒಪ್ಪುತ್ತಿಲ್ಲ ನೋಡಿ.

ಚೊಲ್ಪೊನ್


ನರಿನ್
ಜುಲೈ 26

ಚೊಲ್ಪೊನ್,

ಬೈದದ್ದು ಒಳ್ಳೆಯದಾಯಿತು. ಬೈಯುವವರ ಮೇಲೆ ನನಗೆ ನಂಬಿಕೆ ಹೆಚ್ಚು.

ನಿನ್ನ ಕಾಗದ ಓದಿ ನಾನೂ ಅಡುಗೆಮನೆಯಲ್ಲಿ ನಿಂತು ನಮ್ಮ ಮಾವನ ಹೆಸರು ಹೇಳಲು ನೋಡಿದೆ. ಕೆಮ್ಮು ಬಂತು. ಅವರು ಒಳ್ಳೆಯವರಾಗಿದ್ದರು, ಹಾಗಾಗಿ ಬಿಟ್ಟೆ. ಅವರು ನನಗೆ ಸಲ್ಲಬೇಕಾದ ಗೌರವ ಕೊಟ್ಟರು, ಹೆಸರು ಹೇಳದೆ ನಾನೂ ಕೊಡುತ್ತೇನೆ. ಸಂಪ್ರದಾಯದ ಮೇಲೆ ನನಗೆ ಜಗಳವಿಲ್ಲ.

ಮುಂದಿನ ತಿಂಗಳು ನಾನು ಓಷ್ ನಗರಕ್ಕೆ ಹೋಗುತ್ತಿದ್ದೇನೆ. ಅಲ್ಲೂ ಇಂಥದ್ದೇ ಕೇಂದ್ರ ತೆರೆಯುತ್ತಿದ್ದಾರೆ, ಅಲ್ಲಿನವರಿಗೆ ಕೆಲಸ ಕಲಿಸಿ ಅಕ್ಟೋಬರ್‌ನಲ್ಲಿ ಬರುತ್ತೇನೆ. ಆ ಮನೆಯಲ್ಲಿ ನಿನಗೆ ಕಷ್ಟವಾದರೆ ಒಂದು ದಿನವೂ ನಿಲ್ಲಬೇಡ. ನನ್ನ ಮನೆಯ ಬೀಗದ ಕೈ ಕೇಂದ್ರದಲ್ಲಿ ಇರುತ್ತದೆ.

ಸಾಲ್ತಾನತ್


ನರಿನ್
ಆಗಸ್ಟ್ 30

ಸಾಲ್ತಾನತ್ ಎಜೆಗೆ ಸಲಾಮ್,

ಈ ಕಾಗದ ನರಿನ್‌ನಿಂದಲೇ ಬರೆಯುತ್ತಿದ್ದೇನೆ. ನಾನು ಬಂದುಬಿಟ್ಟೆ.

ಅತ್ತೆ ತಮ್ಮ ಚಿಕ್ಕ ಮಗನಿಗೆ ಎಲ್ಲ ಹೇಳಿದ್ದರು. ಮೀರಿಮ್‌ಳ ಅಪ್ಪ ಫೋನ್ ಮಾಡಿದರು. "ಅಣ್ಣನ ಹೆಸರು ಹಿಡಿದು ಕೂಗಿದ್ಯಂತೆ! ನಾಚ್ಕೆ ಆಗ್ಲಿಲ್ವಾ ನಿಂಗೆ? ಊರೆಲ್ಲಾ ಏನನ್ನುತ್ತೆ? ನಾನಿಲ್ಲಿ ತಲೆ ಎತ್ಕೊಂಡು ತಿರುಗೋದು ಬೇಡ್ವಾ?" ಎಂದು ಕಿರುಚಿದರು. ನಾನು ಫೋನನ್ನು ಕಿವಿಯಿಂದ ದೂರ ಹಿಡಿದು ಕೇಳಿದೆ. ಚಳಿಗಾಲದಲ್ಲಿ ಮಗಳ ಬೆನ್ನಿನ ಫೋಟೋ ಕಳಿಸಿದಾಗ ಈ ಮನುಷ್ಯ ಕಿರುಚಿರಲಿಲ್ಲ. "ಅಣ್ಣಂಗೆ ಸಿಟ್ಟು ಸ್ವಲ್ಪ ಜಾಸ್ತಿ" ಎಂದಿದ್ದರು, ಅಷ್ಟೇ. ಈಗ ಇಷ್ಟು ಗಂಟಲು ಎಲ್ಲಿಂದ ಬಂತು?

ಎಜೆ, ನನಗೆ ಅಳು ಬರಲಿಲ್ಲ. "ಹೌದು, ಹೇಳಿದೆ. ಇನ್ನೂ ಹೇಳ್ತೀನಿ" ಅಂದೆ. ಫೋನ್ ಇಟ್ಟೆ.

ಹೊರಟಾಗ ಅತ್ತೆ ಒಲೆಯ ಮುಂದಿದ್ದರು. ತಿರುಗಿ ನೋಡಲಿಲ್ಲ. ನಾನು ಹೊಸಿಲು ದಾಟುವಾಗ ಹಿಂದಿನಿಂದ ರೊಟ್ಟಿ ಚಾಚಿದರು. ಪಯಣ ಹೊರಟವರು ಒಂದು ತುತ್ತು ಕಚ್ಚಿ ಉಳಿದದ್ದನ್ನು ಮನೆಯಲ್ಲೇ ಬಿಟ್ಟು ಹೋಗಬೇಕಲ್ಲ, ತಿರುಗಿ ಬರುವವರೆಗೆ ಎತ್ತಿಡುತ್ತಾರಲ್ಲ. ಕಚ್ಚಿದೆ. ಅವರಿಗೆ ಏನು ಅನ್ನಿಸಿತೋ ಗೊತ್ತಿಲ್ಲ. ಉಳಿದದ್ದನ್ನು ಅವರ ಕೈಗೇ ಕೊಟ್ಟು ಹೊರಟೆ.

ನಿಮ್ಮ ಬೀಗದ ಕೈ ಬೇಕಾಗಲಿಲ್ಲ. ಬಜಾರಿನ ಹಿಂದಿನ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ ಸಿಕ್ಕಿದೆ, ಹಿಂದುಗಡೆ ಒಂದು ಕೋಣೆಯೂ ಕೊಟ್ಟಿದ್ದಾರೆ. ಬೆಚ್ಚಗಿದೆ. ಮೀರಿಮ್‌ಳನ್ನು ಯಾವಾಗ ನೋಡಬಹುದು?

ಚೊಲ್ಪೊನ್


ಓಷ್
ಸೆಪ್ಟೆಂಬರ್ 12

ಚೊಲ್ಪೊನ್,

ಇಲ್ಲಿ ಇನ್ನೂ ಸೆಕೆ. ದಿನವೆಲ್ಲ ಪಾಠ ಹೇಳಿ, ಸಂಜೆ ಕಲ್ಲಂಗಡಿ ತಿಂದು ಕೂರುತ್ತೇನೆ. ಇಲ್ಲಿನವರಿಗೆ ಮೊದಲ ಪಾಠವೇ ನಿನ್ನದು. ಊರು, ಹೆಸರು ಹೇಳುವುದಿಲ್ಲ, ಹೆದರಬೇಡ. ಮನೆಯವರು ಮರಳಿ ಹೇಳುವಾಗ ಯಾರನ್ನು ಹೆಸರಿಸುತ್ತಿಲ್ಲ ಎಂದು ನೋಡಿಕೊಳ್ಳಿ ಅಂದೆ. ಕೋಣೆಯಲ್ಲಿದ್ದ ಹೆಂಗಸರೆಲ್ಲ ನೆಲ ನೋಡಿದರು.

ಮೀರಿಮ್ ಭಾನುವಾರಗಳಲ್ಲಿ ನಿನ್ನ ಕೋಣೆಗೆ ಬರಲು ಒಪ್ಪಿದ್ದಾಳೆ. ಬರಲಿ. ಉಣ್ಣಲು ಕೊಡು, ಕೆಲಸವಿದ್ದರೆ ಜೊತೆಗೆ ಸೇರಿಸಿಕೋ. ಆ ಮಾತನ್ನು ನೀನಾಗಿ ಎತ್ತಬೇಡ. ನಾನು ಬಂದ ಮೇಲೆ ಮೂವರೂ ಕೂರೋಣ. ಅವಳೇ ಕೇಳಿದರೆ ಮಾತ್ರ ನನಗಾಗಿ ಕಾಯಬೇಡ, ಉತ್ತರ ಕೊಡು. ಹೆಸರು ಹೇಳಿದ ಕೂಡಲೇ ಅವಳು ಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಳ್ಳಬೇಡ. ಏನೂ ಆಗದೆ ಇರಬಹುದು. ಇಲಾಖೆಯವರು ಅಕ್ಟೋಬರ್ ಒಂಬತ್ತಕ್ಕೆ ಬರುತ್ತಾರೆ. ಬೋರ್ಡಿಂಗ್ ಅಂದರೂ ನಾವು ಕೆಲಸ ಬಿಡುವುದಿಲ್ಲ.

ಸಾಲ್ತಾನತ್


ನರಿನ್
ಅಕ್ಟೋಬರ್ 4

ಸಾಲ್ತಾನತ್ ಎಜೆಗೆ ಸಲಾಮ್,

ನೀವು ಬರುವವರೆಗೆ ಕಾಯಲು ಆಗಲಿಲ್ಲ. ಅವಳೇ ಕೇಳಿದಳು.

ಮೊದಲ ಭಾನುವಾರ ಬಂದವಳು ಬಾಗಿಲಲ್ಲೇ ನಿಂತಿದ್ದಳು. "ಚಿಲಕ ಯಾವ ಕಡೆಗಿದೆ?" ಅಂದಳು. "ಒಳಗೆ" ಅಂದೆ. ಹಾಕಿ ನೋಡಿದಳು, ತೆಗೆದು ನೋಡಿದಳು, ಚಹಾ ಕುಡಿದು ಹೋದಳು. ಅಷ್ಟೇ ಮಾತು. ಆಮೇಲಿನ ಭಾನುವಾರಗಳಲ್ಲಿ ಶಾಲೆಯ ಸುದ್ದಿ ಹೇಳಿದಳು. ನನ್ನ ಕೈ ಒರಟಾಗಿದೆ ಅಂದಳು. ನಾನು ಆ ಮಾತು ಎತ್ತಲಿಲ್ಲ. ನಾಲಿಗೆ ಕಚ್ಚಿಕೊಂಡಿದ್ದೆ.

ನಿನ್ನೆ ಬೇಕರಿಗೆ ರಜೆ, ನಮಗೆಂದೇ ಹಿಟ್ಟು ನಾದುತ್ತಿದ್ದೆವು. ಅವಳು ನನ್ನ ಮುಖ ನೋಡದೆ, ಹಿಟ್ಟನ್ನೇ ನೋಡುತ್ತಾ, "ಅಮ್ಮಾ, ನಂಗೆ ಹೊಡೆದದ್ದು ಯಾರು?" ಅಂದಳು.

"ತುರ್ಗುನ್‌ಬೆಕ್" ಅಂದೆ.

ಅವಳ ಕೈ ನಿಂತಿತು. "ಇನ್ನೊಂದ್ಸಲ ಹೇಳು."

"ತುರ್ಗುನ್‌ಬೆಕ್ ನಿನಗೆ ಹೊಡೆದ. ತುರ್ಗುನ್‌ಬೆಕ್ ನಿನ್ನನ್ನು ಕತ್ತಲೆಯಲ್ಲಿ ಕೂಡಿಹಾಕಿದ. ತಪ್ಪು ಅವನದು. ನೀನು ಕರೆದಾಗ ನಾನು ಇರಬೇಕಿತ್ತು, ಇರಲಿಲ್ಲ."

"ಕೋರ್ಟಲ್ಲೂ ಹೇಳ್ತೀಯಾ?"

"ಹೇಳ್ತೀನಿ."

"ಅಪ್ಪನ ಮುಂದೆ?"

"ಹೇಳಾಯ್ತು."

"ಅಜ್ಜಿ ಮುಂದೆ?"

"ಅಜ್ಜಿ ಮುಂದೆ, ಕುದುರೆ ಮುಂದೆ, ಗುಡ್ಡದ ಮುಂದೆ, ಎಲ್ಲಾರ ಮುಂದೆ ಹೇಳಾಯ್ತು. ಬೇಕಾದ್ರೆ ಈಗ ಬಜಾರಿಗೆ ಹೋಗಿ ಕೂಗ್ತೀನಿ" ಅಂದೆ. ನಿಜಕ್ಕೂ ಎದ್ದೆ ಎಜೆ. ಬಾಗಿಲ ಹತ್ತಿರ ಹೋಗಿ ಕೂಗಲು ಬಾಯಿ ತೆರೆದೆ.

ಅವಳು ಓಡಿ ಬಂದು ಹಿಟ್ಟಿನ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಸಾಕಮ್ಮ, ಕೇಳಿಸ್ತು" ಅಂದಳು. "ಇನ್ಮೇಲೆ ನಮ್ಮನೇಲಿ ಆ ಹೆಸರು ಬೇಡ."

ಚೊಲ್ಪೊನ್